ಭಾವಯ್ಯ, ನೆರಳು!

ಕರೆಂಟಿಲ್ಲದ ಜಾಗದಲ್ಲಿ ಒಂದು ರಾತ್ರಿ ಕಳೆಯಲು ಜನ ದುಡ್ಡು ಕೊಡುತ್ತಾರಂತೆ. ಕಾಸರಗೋಡಿನ ಒಳನಾಡಿನವರಿಗೆ ಈ ಸೌಭಾಗ್ಯ ಮಳೆಗಾಲದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಅಡಿಕೆ ಮರ ತಂತಿಯ ಮೇಲೆ ಒರಗಿದರೆ ಸಾಕು. ಆದರೂ ಬೆಂಗಳೂರಿನಿಂದ ಬಂದ ಅಕ್ಕನ ಮಕ್ಕಳಿಗೆ ಡೇರೆ ಹಾಕಿ ಮಲಗಬೇಕಿತ್ತು, ಭಾವನಿಗೆ ಹೊಸ ಸೋಲಾರ್ ಪ್ಯಾನೆಲ್ ತೋರಿಸಬೇಕಿತ್ತು. ಇಬ್ಬರ ಆಸೆಯೂ ನೆರವೇರಿತು. ನನ್ನ ಕತ್ತಿನ ಹಿಂಭಾಗ ಮಾತ್ರ ಸುಟ್ಟ ಬದನೆಕಾಯಿಯಾಗಿದೆ, ಇನ್ನೂ ಅಂಗಿಯ ಕಾಲರ್ ತಾಗಿಸುವಂತಿಲ್ಲ.

ಜಾಗ ಬಾಯಾರು ಕಡೆಯ ನಮ್ಮದೇ ಗೇರುಗುಡ್ಡೆ. ಮುರಕಲ್ಲಿನ ಬೋಳು ಪಾದೆ, ಎಂದರೆ ಬಂಡೆಹಾಸು, ಎದುರಿಗೆ ಪೊಸಡಿ ಗುಂಪೆ ಎಂಬ ಗುಡ್ಡ. ಗಡಿಯ ಗುಡ್ಡೆಯಾದ್ದರಿಂದ ಮೊಬೈಲ್ ಒಮ್ಮೆ ಕೇರಳದ ಟವರ್ ಹಿಡಿಯುತ್ತದೆ, ಒಮ್ಮೆ ಕರ್ನಾಟಕದ್ದು. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು ಅದಕ್ಕೆ ಇನ್ನೂ ಮನದಟ್ಟಾದಂತಿಲ್ಲ. ಈ ಹುಡುಕಾಟದಲ್ಲಿಯೇ ಬ್ಯಾಟರಿ ಕರಗುತ್ತದೆ. ಮಧ್ಯಾಹ್ನಕ್ಕೆ ಮುಂಚೆಯೇ ಮಕ್ಕಳ ಮುಖ ಬಾಡಿತು, ಭಾವನ ಮುಖ ಅರಳಿತು.

ನಾಲ್ಕು ಮಡಿಕೆಯ ಪ್ಯಾನೆಲನ್ನು ಅವರು ಚೀಲದಿಂದ ತೆಗೆದ ಭಕ್ತಿಯನ್ನು ನಾನು ದೇವರ ಕೋಣೆಯಲ್ಲಿಯೂ ಕಂಡಿಲ್ಲ. ಮೇಲೆ 28 ವ್ಯಾಟ್ ಎಂದು ಬರೆದಿತ್ತು. ಆದರೆ ಆ ವ್ಯಾಟು ಪ್ರಯೋಗಶಾಲೆಯದು, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು ಪ್ಯಾನೆಲಿನ ಬಿಸಿ 25 ಡಿಗ್ರಿ ಇದ್ದಾಗಿನದು. ಕಾದ ಪಾದೆಯ ಮೇಲೆ ಪ್ಯಾನೆಲ್ 60 ಡಿಗ್ರಿಗೆ ಏರಿದರೆ, ಡಿಗ್ರಿಗೆ ಶೇಕಡಾ 0.4ರ ಲೆಕ್ಕದಲ್ಲಿ ಏಳನೆಯ ಒಂದು ಪಾಲು ಅಲ್ಲಿಯೇ ಹೋಯಿತು. ಇದನ್ನೆಲ್ಲ ಭಾವನೇ ವಿವರಿಸಿದರು. ಬಿಸಿಲಿನಲ್ಲಿ ನಿಲ್ಲಿಸಿಕೊಂಡು ವಿವರಿಸಿದರು.

ಅಷ್ಟಾದರೆ ಸಹಿಸಬಹುದಿತ್ತು. ಪ್ಯಾನೆಲಿನ ಒಂದು ಮೂಲೆಗೆ ನೆರಳು ಬಿದ್ದರೂ ಸಾಲಾಗಿ ಜೋಡಿಸಿದ ಅಷ್ಟೂ ಕೋಶಗಳು ಮುಷ್ಕರ ಹೂಡುತ್ತವೆ ಎಂಬುದು ಅವರ ಎರಡನೆಯ ಪಾಠ. ವಿಷಯ ನಿಜವೇ. ಆದರೆ ಆಮೇಲೆ ಗುಡ್ಡೆಯಲ್ಲಿ ಕೇಳಿದ್ದು ಭಾವ ನನ್ನನ್ನು ಕರೆಯುವ ಒಂದೇ ಕೂಗು: "ಭಾವಯ್ಯ, ನೆರಳು!" ನೀರು ಕುಡಿಯಲು ಎದ್ದರೆ ನೆರಳು. ಅಕ್ಕ ಅವಲಕ್ಕಿ ಕಲಸಲು ಬಗ್ಗಿದರೆ ನೆರಳು. ಒಂದು ಗಿಡುಗ ಮೇಲೆ ಸುತ್ತು ಹೊಡೆದಾಗ ಅದಕ್ಕೂ ಕೈ ಬೀಸಿದರು.

ಅಷ್ಟರಲ್ಲಿ ಪವರ್ ಬ್ಯಾಂಕ್ ಕಾಯತೊಡಗಿತು. ಲಿಥಿಯಂ ಬ್ಯಾಟರಿಯನ್ನು ಬಿಸಿಲಿನಲ್ಲಿಟ್ಟು ಚಾರ್ಜ್ ಮಾಡಬಾರದು, ಅದಕ್ಕೆ ನೆರಳು ಬೇಕೇ ಬೇಕು. ಪ್ಯಾನೆಲಿಗೆ ಬಿಸಿಲು, ಬ್ಯಾಂಕಿಗೆ ನೆರಳು, ನಡುವಿನ ಕೇಬಲ್ ಒಂದೇ ಮೀಟರ್. ಅತಿ ಹತ್ತಿರದ ಗೇರುಮರ ಕೂಗಳತೆಯಲ್ಲಿತ್ತು. ಭಾವ ಸುತ್ತ ನೋಡಿದರು. ಮಕ್ಕಳು ಸಣ್ಣವರು, ಅಕ್ಕ ಅಡುಗೆಯಲ್ಲಿದ್ದಳು. ಅವರ ದೃಷ್ಟಿ ನನ್ನ ಬೆನ್ನಿನ ಅಗಲದ ಮೇಲೆ ನಿಂತಿತು.

"ಭಾವಯ್ಯ, ಸ್ವಲ್ಪ ಇಲ್ಲಿ ಕುಳಿತುಕೊಳ್ಳಿ."

ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಹಾಗಾಗಿ ನಾನು ದಕ್ಷಿಣಕ್ಕೆ ಬೆನ್ನು ಹಾಕಿ ಕುಳಿತು, ಬಡಗಣಕ್ಕೆ ಚಾಚಿದ ನನ್ನ ನೆರಳನ್ನು ಬ್ಯಾಂಕಿನ ಮೇಲೆ ಹಿಡಿಯಬೇಕು, ಪ್ಯಾನೆಲಿಗೆ ತಾಗಿಸಬಾರದು. ಸೂರ್ಯ ಸುಮ್ಮನಿರುತ್ತಾನೆಯೇ? ಅವನು ಜರುಗಿದಂತೆ ನಾನೂ ಜರುಗಬೇಕು. ಎಡಕ್ಕೆ ಹೆಚ್ಚಾದರೆ "ನೆರಳು!" ಬಲಕ್ಕೆ ಹೆಚ್ಚಾದರೆ "ನೆರಳೆಲ್ಲಿ?" ಒಬ್ಬ ಮನುಷ್ಯನನ್ನು ಒಂದೇ ಉಸಿರಿನಲ್ಲಿ ನೆರಳು ಕೊಟ್ಟದ್ದಕ್ಕೂ ಕೊಡದಿದ್ದುದಕ್ಕೂ ಗದರಿಸಬಹುದೆಂದು ನನಗೆ ಅಂದೇ ತಿಳಿದದ್ದು. ಈ ನಡುವೆ ಭಾವ ಕೈಯಲ್ಲಿ ಮೊಬೈಲ್ ಹಿಡಿದು ಆಪಿನಲ್ಲಿ ಸೂರ್ಯನ ದಿಕ್ಕು ನೋಡುತ್ತಿದ್ದರು. ಸೂರ್ಯ ನೆತ್ತಿ ಸುಡುತ್ತಿದ್ದಾನೆ, ಇವರು ಅವನನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದಾರೆ! ಬಿಸಿಲಿಗೆ ಪರದೆ ಕಾಣದೆಂದು ಬೆಳಕನ್ನು ತುದಿಗೇರಿಸಿದ್ದರು. ಪ್ಯಾನೆಲ್ ದುಡಿದದ್ದಕ್ಕೆ ಖರ್ಚಿನ ದಾರಿ ಆಗಲೇ ಸಿದ್ಧವಾಗಿತ್ತು.

ಕೊನೆಗೆ ಅಕ್ಕ ಅವಲಕ್ಕಿ ತಂದಳು. ನನ್ನನ್ನು ನೋಡಿದಳು, ಬ್ಯಾಂಕನ್ನು ನೋಡಿದಳು. ಏನೂ ಹೇಳದೆ ನನ್ನ ತಲೆಯ ಮೇಲಿದ್ದ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತೆಗೆದು ಬ್ಯಾಂಕಿಗೆ ಕವುಚಿ ಹಾಕಿದಳು. ಹಾಳೆಯ ಟೊಪ್ಪಿಯ ಅಡಿಯಲ್ಲಿ ಬ್ಯಾಂಕ್ ತಣ್ಣಗಾಯಿತು. "ಗಾಳಿಯಾಡಬೇಕಲ್ಲ?" ಎಂದು ಭಾವ ತಕರಾರೆತ್ತಿದರು. ಅಕ್ಕ ಮುಟ್ಟಾಳೆಯ ಒಂದು ಬದಿಗೆ ಕಲ್ಲಿಟ್ಟು ಎತ್ತರಿಸಿದಳು. ನನಗೆ ಬಿಡುಗಡೆ ಸಿಕ್ಕಿತು, ಟೊಪ್ಪಿ ಮಾತ್ರ ಮರಳಿ ಸಿಗಲಿಲ್ಲ.

ರಾತ್ರಿ ಡೇರೆಯ ಹೊರಗೆ ಕುಳಿತಾಗ ಅಜ್ಜ ನೆನಪಾದರು. ಇದೇ ಗುಡ್ಡೆ ಹತ್ತಿಳಿದು ಅವರು ಯಕ್ಷಗಾನಕ್ಕೆ ಹೋಗುತ್ತಿದ್ದರು, ಕೈಯಲ್ಲಿ ಒಣಮಡಲಿನ ಸೂಟೆ, ಎಂದರೆ ತೆಂಗಿನ ಗರಿಯ ಪಂಜು. ಬೀಸಿದರೆ ಉರಿ, ನಿಲ್ಲಿಸಿದರೆ ಕೆಂಡ. ಸೂಟೆ ಮುಗಿಯುವುದರೊಳಗೆ ಮನೆ ಸೇರಬೇಕೆಂಬ ಅಂದಾಜು ಅವರ ಕಾಲುಗಳಿಗಿತ್ತು. ಆ ಅಂದಾಜನ್ನು ನಮ್ಮಲ್ಲಿ ಯಾರೂ ಕಲಿತುಕೊಳ್ಳಲಿಲ್ಲ.

ಪವರ್ ಬ್ಯಾಂಕಿನ ನಾಲ್ಕು ದೀಪಗಳಲ್ಲಿ ಎರಡು ಉರಿದವು. ಅದರ ಮೇಲೆ 10,000 ಮಿಲಿಆಂಪ್-ಅವರ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿ ಹೊರಬರುವಾಗ ಸೋರಿಕೆಯೂ ಸೇರಿ ಆರೂವರೆ ಸಾವಿರ ಸಿಕ್ಕರೆ ಪುಣ್ಯ. ನಮಗೆ ಸಿಕ್ಕಿದ್ದು ಅದರಲ್ಲಿ ಅರ್ಧ, ಎಂದರೆ ಒಂದು ಮೊಬೈಲಿಗೆ ಅರೆಹೊಟ್ಟೆ. ಅದು ಯಾರ ಮೊಬೈಲ್ ಎಂದು ಹೇಳಬೇಕಾಗಿಲ್ಲ. ದಿನವಿಡೀ ಸೂರ್ಯನನ್ನು ಹುಡುಕಿ ದಣಿದದ್ದು ಅದೊಂದೇ.

ಮನೆಗೆ ಬಂದು ಭಾವ ಕುಟುಂಬದ ವಾಟ್ಸಾಪ್ ಗುಂಪಿಗೆ ಪ್ಯಾನೆಲಿನ ಚಿತ್ರ ಹಾಕಿದರು. "ಒಂದು ಮೂಲೆ ಕಪ್ಪಗಿದೆಯಲ್ಲ, ಏನದು?" ಎಂದು ದೊಡ್ಡಪ್ಪ ಕೇಳಿದರು.

ಭಾವ ತಕ್ಷಣ ಉತ್ತರಿಸಿದರು: "ಭಾವಯ್ಯನ ನೆರಳು. ಎಷ್ಟು ಹೇಳಿದರೂ ಕೇಳುವುದಿಲ್ಲ."