ಪೆಪ್ಪರ್ ಮಿಲ್‌ಗೆ ಸೆರಾಮಿಕ್ ಹಲ್ಲೇ ಬೇಕಾ? ಒಂದು ಸ್ಪಷ್ಟನೆ

"ಸ್ಟೀಲ್ ಹಲ್ಲಿನ ಪೆಪ್ಪರ್ ಮಿಲ್ ತುಕ್ಕು ಹಿಡಿಯುತ್ತದೆ, ಸೆರಾಮಿಕ್ಕೇ ತಗೊಳ್ಳಿ" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ. ತುಕ್ಕು ತರುವುದು ಉಪ್ಪು ಮತ್ತು ತೇವ, ಕಾಳುಮೆಣಸಲ್ಲ. ಒಣ ಮೆಣಸನ್ನಷ್ಟೇ ಹಾಕಿ, ಕುದಿಯುವ ಪಾತ್ರೆಯ ಹಬೆಯ ಮೇಲೆ ಹಿಡಿಯದೆ, ನೀರಲ್ಲಿ ತೊಳೆಯದೆ ಇಟ್ಟುಕೊಂಡರೆ ಒಳ್ಳೆಯ ಸ್ಟೀಲ್ ಮಿಲ್ ವರ್ಷಗಟ್ಟಲೆ ಬಾಳುತ್ತದೆ. 1874ರಲ್ಲಿ ತನ್ನ ಮೊದಲ ಮೆಣಸಿನ ಮಿಲ್ ತಂದ ಫ್ರಾನ್ಸಿನ ಕಂಪನಿ ಪ್ಯೂಜೋ ಇವತ್ತಿಗೂ ಮೆಣಸಿಗೆ ಸ್ಟೀಲ್ ಹಲ್ಲನ್ನೇ ಬಳಸುತ್ತದೆ. ಮೇಲಿನ ದೊಡ್ಡ ಹಲ್ಲುಗಳು ಕಾಳನ್ನು ಹಿಡಿದು ಒಡೆಯುತ್ತವೆ, ಕೆಳಗಿನ ಸಣ್ಣವು ಪುಡಿ ಮಾಡುತ್ತವೆ.

ಸೆರಾಮಿಕ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದಕ್ಕೆ ತುಕ್ಕಿನ ಭಯವಿಲ್ಲ, ಉಪ್ಪಿಗೂ ಆಗುತ್ತದೆ. ಆದರೆ ಕೈಜಾರಿ ಬಿದ್ದರೆ ಹಲ್ಲಿನ ಅಂಚು ಮುರಿಯಬಹುದು.

ನಿಜವಾಗಿ ನೋಡಬೇಕಾದ್ದು ಬೇರೆ. ಮಿಲ್ಲನ್ನು ತರಿಗೆ ಹೊಂದಿಸಿ, ಬಿಳಿ ಕಾಗದದ ಮೇಲೆ ಹತ್ತು ಸುತ್ತು ತಿರುಗಿಸಿ. ನುಣ್ಣನೆ ಪುಡಿ, ಅರ್ಧ ಕಾಳು ಎರಡೂ ಒಟ್ಟಿಗೆ ಬಿದ್ದರೆ ಆ ಮಿಲ್ ಬೇಡ, ಹಲ್ಲು ಯಾವುದರದ್ದೇ ಆಗಿರಲಿ. ಹೊಂದಿಸುವ ತಿರುಪು ಸುಮ್ನೆ ಸಡಿಲವಾಗುತ್ತಿದ್ದರೂ ಬೇಡ, ನಾಲ್ಕು ಸುತ್ತಿಗೇ ಅಳತೆ ತಪ್ಪುತ್ತದೆ.