‘ಎಲ್ಲಿಂದಾದರೂ ಕೆಲಸ ಮಾಡಿ’ ಅಂದವರು ಒಂದು ಪತ್ರ ಕೊಡಲಿ

‘ಅಕ್ಕ, ಈ ಡಿಜಿಟಲ್ ನೋಮ್ಯಾಡ್ ವೀಸಾ ನಮಗೂ ಸಿಗುತ್ತಾ?’ ಮೈಸೂರಲ್ಲಿ ಮನೆಯಿಂದಲೇ ಕೆಲಸ ಮಾಡುವ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹೀಗೆ ಕೇಳುತ್ತಿರುತ್ತಾರೆ. ಸಿಗುತ್ತೆ. ಆದರೆ ಇದನ್ನು ಮೊದಲು ಕೇಳಬೇಕಾದ್ದು ರಾಯಭಾರ ಕಚೇರಿಯನ್ನೂ ಅಲ್ಲ, ಏಜೆಂಟನ್ನೂ ಅಲ್ಲ. ನಿಮ್ಮ ಕಂಪನಿಯ ಎಚ್‌ಆರ್ ಅನ್ನು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೆಲಸ ಇಲ್ಲಿಯದೇ, ಸಂಬಳ ಇಲ್ಲಿಯದೇ, ಸ್ವಲ್ಪ ಕಾಲ ವಾಸ ಮಾತ್ರ ಬೇರೆ ದೇಶದಲ್ಲಿ. ಅಲ್ಲಿಯವರ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ ಅನ್ನೋದೇ ಈ ವೀಸಾದ ಷರತ್ತು. 2020ರ ಆಗಸ್ಟ್‌ನಲ್ಲಿ ಎಸ್ಟೋನಿಯಾ ಇದನ್ನು ಶುರು ಮಾಡಿತು. 2022ರಲ್ಲಿ ಪೋರ್ಚುಗಲ್, ಮಲೇಷ್ಯಾ ಬಂದವು. 2024ರಲ್ಲಿ ಥಾಯ್ಲೆಂಡ್, ಜಪಾನ್ ಸೇರಿಕೊಂಡವು.

ಅಪ್ಪ ಕೇಳಿದರು, ‘ಅಲ್ಲಿ ಕೂತು ಇದೇ ಕೆಲಸ ಮಾಡೋದಾದ್ರೆ ಇಲ್ಲೇ ಕೂತು ಮಾಡಬಹುದಲ್ಲಮ್ಮ?’ ನ್ಯಾಯವಾದ ಪ್ರಶ್ನೆ. ಕುವೆಂಪುನಗರದ ನಮ್ಮ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆದರೆ ನಮ್ಮಂಥ ಮನೆಯವರಿಗೆ ಹೊರದೇಶದಲ್ಲಿ ಇರೋದು ಅಂದರೆ ಇಷ್ಟು ದಿನ ಇದ್ದದ್ದು ಎರಡೇ ದಾರಿ. ಸಾಲ ಮಾಡಿ ಓದಲು ಹೋಗೋದು, ಇಲ್ಲಾ ಕಂಪನಿ ಕಳಿಸಿದರೆ ಹೋಗೋದು. ಊರನ್ನು ಕಾಯಂ ಬಿಡದೆ, ಕೆಲಸ ಬಿಡದೆ, ಸಾಲ ಮಾಡದೆ ಒಂದು ವರ್ಷ ಬೇರೆ ಕಡೆ ಬದುಕಿ ವಾಪಸ್ ಬರೋ ದಾರಿ ಈಗ ತೆರೆದಿದೆ. ಅದನ್ನು ಬಳಸಿಕೊಳ್ಳಬೇಕು ಅನ್ನೋ ಆಸೆ ನನಗಿದೆ. ಇದು ಬರೀ ಶೋಕಿ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ದುಡ್ಡಿನ ಲೆಕ್ಕವನ್ನಂತೂ ನೋಡಲೇಬೇಕು. ಎಸ್ಟೋನಿಯಾ ತಿಂಗಳಿಗೆ 4,500 ಯೂರೋ ಆದಾಯ ಕೇಳುತ್ತೆ, ನಮ್ಮ ರೂಪಾಯಿಯಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ. ಪೋರ್ಚುಗಲ್ ಕೇಳೋದು ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು. ಮೈಸೂರಿನ ಹೆಬ್ಬಾಳದ ಕಂಪನಿಗಳಲ್ಲಿ ಐದಾರು ವರ್ಷ ದುಡಿದವರಿಗೂ ಇದು ಕೈಗೆಟುಕೋದು ಕಷ್ಟ. ಜಪಾನ್‌ದಂತೂ ನಮಗಲ್ಲವೇ ಅಲ್ಲ, ಅವರು ಅರ್ಹತೆ ಕೊಟ್ಟಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಮಲೇಷ್ಯಾ ಸಾಫ್ಟ್‌ವೇರ್‌ನಂಥ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಸಾಕು ಅನ್ನುತ್ತೆ, ಬೇರೆ ಕೆಲಸದವರಿಗೆ 60,000. ಥಾಯ್ಲೆಂಡ್ ನೋಡೋದು ಬ್ಯಾಂಕಿನಲ್ಲಿರುವ ಹಣವನ್ನು. ಐದು ಲಕ್ಷ ಬಾತ್ ತೋರಿಸಿದರೆ ಐದು ವರ್ಷದ ವೀಸಾ, ಪ್ರತಿ ಸಲ ಹೋದಾಗ 180 ದಿನ ಇರಬಹುದು. ರೀಲ್ಸ್‌ನಲ್ಲಿ ಪೋರ್ಚುಗಲ್‌ನ ಲಿಸ್ಬನ್ ನೋಡಿ ಮನಸೋತವರಿಗೆ ಬೇಜಾರಾಗಬಹುದು, ಆದರೆ ನಮ್ಮ ಸಂಬಳಕ್ಕೆ ಹೊಂದೋದು ಈ ಎರಡು ದೇಶ. ನಾನು ಹೋಗಬೇಕು ಅಂದುಕೊಂಡಿರೋದು ಮಲೇಷ್ಯಾದ ಪೆನಾಂಗ್‌ಗೆ.

ಈಗ ಪತ್ರದ ವಿಷಯ. ಯಾವ ದೇಶಕ್ಕೆ ಅರ್ಜಿ ಹಾಕಿದರೂ ನೌಕರಿಯಲ್ಲಿರುವವರು ಕಂಪನಿಯ ಕಾಗದ ಕೊಡಬೇಕಾಗುತ್ತೆ. ಇವರು ನಮ್ಮ ನೌಕರರು, ಸಂಬಳ ಇಷ್ಟು, ಇಂಥ ದಿನದಿಂದ ಇಂಥ ದಿನದವರೆಗೆ ಈ ದೇಶದಲ್ಲಿದ್ದು ಕೆಲಸ ಮಾಡಲು ನಮ್ಮ ಒಪ್ಪಿಗೆ ಇದೆ. ಲೆಟರ್‌ಹೆಡ್ ಮೇಲೆ ಇಷ್ಟು ಬರೆದು, ಸಹಿ ಹಾಕಿ, ಸೀಲ್ ಒತ್ತಿದರೆ ಆಯಿತು. ಎಲ್ಲರ ಅರ್ಜಿ ನಿಲ್ಲೋದು ಇಲ್ಲೇ.

ಮಂಡ್ಯದ ನನ್ನ ಗೆಳತಿಯ ಕತೆ ಕೇಳಿ. ಅವಳ ಕಂಪನಿ ಜಾಹೀರಾತಿನಲ್ಲೇ ‘ಎಲ್ಲಿಂದಾದರೂ ಕೆಲಸ ಮಾಡಿ’ ಅಂತ ಹಾಕಿಕೊಂಡಿದೆ. ಅವಳು ಪತ್ರ ಕೇಳಿದಳು. ಎಚ್‌ಆರ್‌ನವರು ಲೀಗಲ್ ಟೀಮ್‌ಗೆ ಕಳಿಸಿದೀವಿ ಅಂದರು. ಲೀಗಲ್‌ನವರು ಪಾಲಿಸಿ ನೋಡಬೇಕು ಅಂದರು. ಆಮೇಲೆ ಉತ್ತರವೇ ಇಲ್ಲ. ಇಲ್ಲ ಅಂತಲೂ ಹೇಳಲಿಲ್ಲ. ಅಷ್ಟರಲ್ಲಿ ಅವಳು ಓಡಾಡಿ ಮಾಡಿಸಿಟ್ಟಿದ್ದ ಪೊಲೀಸ್ ಕ್ಲಿಯರೆನ್ಸ್ ಹಳೆಯದಾಯಿತು. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತೆ ಹೊಸದು ತೆಗೆಸಬೇಕಾಯಿತು.

ಕಂಪನಿಗಳ ಭಯ ಸುಳ್ಳಲ್ಲ. ನೌಕರರು ಬೇರೆ ದೇಶದಲ್ಲಿ ಕೂತು ದುಡಿದರೆ, ಅಲ್ಲಿ ನಿಮ್ಮ ಕಚೇರಿಯೇ ಇದೆ ಅಂತ ಲೆಕ್ಕ ಹಾಕಿ ಆ ದೇಶ ಕಂಪನಿಯ ಮೇಲೇ ತೆರಿಗೆ ಕೇಳಬಹುದು. ಪಿಎಫ್ ಥರದ ಸಾಮಾಜಿಕ ಭದ್ರತೆಯ ವಂತಿಗೆ ಎಲ್ಲಿ ಕಟ್ಟಬೇಕು ಅನ್ನೋ ತಕರಾರು ಬರಬಹುದು. ಗ್ರಾಹಕರ ಡೇಟಾ ದೇಶ ಬಿಟ್ಟು ಹೋಗಬಾರದು ಅನ್ನೋ ಕರಾರೂ ಇರುತ್ತೆ. ಎಲ್ಲ ಸರಿ. ಆದರೆ ಇದೇ ಕಂಪನಿಗಳು ತಮಗೆ ಬೇಕಾದಾಗ ಎಂಜಿನಿಯರುಗಳನ್ನು ಜರ್ಮನಿಗೋ ನೆದರ್‌ಲೆಂಡ್ಸಿಗೋ ಕಳಿಸಲ್ವಾ? ಆ ದೇಶಗಳ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದ ಇದೆ. ಹಾಗೆ ಕಳಿಸುವಾಗ ವಂತಿಗೆ ಇಲ್ಲೇ ಕಟ್ಟುತ್ತಿದ್ದಾರೆ, ಅಲ್ಲಿ ಕಟ್ಟಬೇಕಿಲ್ಲ ಅನ್ನೋದಕ್ಕೆ ಪಿಎಫ್ ಕಚೇರಿಯಿಂದ ಕವರೇಜ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತಾರೆ. ತೆರಿಗೆ ಸಲಹೆಗಾರರನ್ನೂ ಇಟ್ಟುಕೊಂಡಿರುತ್ತಾರೆ. ಅಂದರೆ ದಾರಿ ಗೊತ್ತಿಲ್ಲ ಅಂತಲ್ಲ. ನೌಕರರು ಕೇಳಿದಾಗ ಕೂತು ಯೋಚನೆ ಮಾಡುವ ಮನಸ್ಸಿಲ್ಲ.

ಇದರಿಂದ ಆಗೋ ಅನಾಹುತ ಬೇರೆ. ಪತ್ರ ಸಿಗದವರು ಟೂರಿಸ್ಟ್ ವೀಸಾದಲ್ಲಿ ಹೋಗಿ, ವಿಪಿಎನ್ ಹಾಕಿಕೊಂಡು, ಮೈಸೂರಲ್ಲೇ ಇದ್ದೀನಿ ಅಂತ ತೋರಿಸಿ ಕೆಲಸ ಮಾಡುತ್ತಾರೆ. ದಯವಿಟ್ಟು ಬೇಡ. ಆಫೀಸ್ ಲ್ಯಾಪ್‌ಟಾಪ್ ಎಲ್ಲಿದೆ ಅಂತ ಕಂಡುಹಿಡಿಯೋದು ಐಟಿ ವಿಭಾಗಕ್ಕೆ ದೊಡ್ಡ ಮಾತಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗಬಹುದು, ಮುಂದೆ ವೀಸಾ ಸಿಗೋದೂ ಕಷ್ಟವಾಗಬಹುದು. ಆದರೆ ಇವರನ್ನು ಬೈಯುವಾಗ, ಸುಮ್ನೆ ಉತ್ತರ ಕೊಡದೆ ಕೂತ ಕಂಪನಿಯ ಪಾಲೂ ಇದರಲ್ಲಿದೆ ಅನ್ನೋದನ್ನು ಮರೆಯಬಾರದು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೆಸರಿನದು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಶಿಯಲ್ ಇರುತ್ತೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿರುತ್ತೆ. ಪ್ಯಾನ್ ಕಾರ್ಡಿನಲ್ಲಿ ಮೂರನೇ ಥರ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡೋದನ್ನೇ ನಿಲ್ಲಿಸಿತು. ಆದ್ದರಿಂದ ಅರ್ಜಿಗೆ ಮುಂಚೆ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ಹೋಲಿಸಿ. ಪಾಸ್‌ಪೋರ್ಟ್ ಸರಿಮಾಡಿಸಲು ಬೆಂಗಳೂರಿಗೇ ಓಡಬೇಕಿಲ್ಲ. ದೇಶದಲ್ಲೇ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳು 2017ರ ಜನವರಿ 25ರಂದು ಶುರುವಾಗಿದ್ದು ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರಿನಲ್ಲಿ.

ಇಂಥದೇ ವೀಸಾ ಕೊಡುವ ಸ್ಪೇನ್‌ಗೆ ಹೋಗೋರು ಡಿಗ್ರಿ, ಇಲ್ಲವೇ ಮೂರು ವರ್ಷದ ಅನುಭವ ತೋರಿಸಬೇಕು. ಡಿಗ್ರಿಗೆ ಅಪೋಸ್ಟಿಲ್, ಅಂದರೆ ಹೊರದೇಶದವರು ಒಪ್ಪುವ ಸರ್ಕಾರಿ ಮುದ್ರೆ, ಮಾಡಿಸಲು ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯದು. ಅಪೋಸ್ಟಿಲ್‌ಗೆ ಇಲಾಖೆಯ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಏಜೆಂಟ್ ಹೇಳುವ ಮೊತ್ತದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಸ್ಪೇನ್, ಪೋರ್ಚುಗಲ್‌ನಲ್ಲಿ 183 ದಿನ ದಾಟಿದರೆ ಅಲ್ಲಿನ ತೆರಿಗೆಗೂ ಸಿಕ್ಕಿಕೊಳ್ಳುತ್ತೀರಿ. ಎರಡು ಕಡೆ ಕಟ್ಟದ ಹಾಗೆ ಒಪ್ಪಂದ ಇದೆ ನಿಜ, ಆದರೂ ಹೊರಡೋಕೆ ಮುಂಚೆ ಒಬ್ಬ ಒಳ್ಳೆ ಆಡಿಟರ್ ಹತ್ತಿರ ಕೂತು ಮಾತಾಡಿ.

ಎಚ್‌ಆರ್‌ನಲ್ಲಿರುವ ಸ್ನೇಹಿತರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಯಾವ ದೇಶ ಆಗುತ್ತೆ, ಯಾವುದು ಆಗಲ್ಲ, ಎಷ್ಟು ತಿಂಗಳು ಅಂತ ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಳಿಸಿ. ಆಗಲ್ಲ ಅಂತಿದ್ದರೆ ಅದನ್ನೇ ಹೇಳಿ, ಒಪ್ಪಿಕೊಳ್ಳುತ್ತೇವೆ. ಪೆನಾಂಗ್ ಬಗ್ಗೆ ನಾನೂ ನಮ್ಮ ಆಫೀಸಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಮೈಸೂರು, ಮಂಡ್ಯದ ಕಡೆ ಯಾರಾದರೂ ಕಂಪನಿಯಿಂದ ಇಂಥ ಪತ್ರ ಪಡೆದಿದ್ದರೆ ಅದರ ಒಕ್ಕಣೆ ಹಂಚಿಕೊಳ್ಳಿ. ಹೆಸರು, ಸಂಬಳ ಅಳಿಸಿ ಹಾಕಿದರೆ ಸಾಕು.