ಯೋಧನ ಚೀಲದಲ್ಲೇ ಉಳಿದ ಮದ್ದು

ಹೊಸ ಆರ್‌ಪಿಜಿಯೊಂದನ್ನು, ಅಂದರೆ ಒಂದು ಪಾತ್ರವನ್ನು ವಹಿಸಿಕೊಂಡು ಕಥೆಯೊಳಗೆ ಸಾಗುವ ಕಂಪ್ಯೂಟರ್ ಆಟವೊಂದನ್ನು, ಆರಂಭಿಸಿದಾಗ ಮೊದಲಿಗೆ ಎದುರಾಗುವುದು ಪಾತ್ರವನ್ನು ಕಟ್ಟಿಕೊಳ್ಳುವ ಪರದೆ. ಯೋಧ, ಮಾಂತ್ರಿಕ, ಕಳ್ಳ, ಬೇಟೆಗಾರ, ಪುರೋಹಿತ, ಹಾಡುಗಾರ ಎಂದು ಸಾಲುಸಾಲಾಗಿ ಆಯ್ಕೆಗಳಿರುತ್ತವೆ, ಒಂದೊಂದಕ್ಕೂ ಎರಡು ಸಾಲಿನ ವಿವರಣೆ ಇರುತ್ತದೆ. ನಾನು ಆ ವಿವರಣೆಗಳನ್ನೆಲ್ಲ ಶ್ರದ್ಧೆಯಿಂದ ಓದುತ್ತಿದ್ದೆ, ಓದಿ ಮುಗಿಸಿದ ಮೇಲೆ ಕತ್ತಿ ಗುರಾಣಿಗಳ ಯೋಧನನ್ನೇ ಆರಿಸಿಕೊಳ್ಳುತ್ತಿದ್ದೆ. ಹತ್ತು ಹನ್ನೆರಡು ವರ್ಷ ಹೀಗೆಯೇ ನಡೆಯಿತು. ಆಟಗಳು ಬದಲಾದವು, ಲೋಕಗಳು ಬದಲಾದವು, ಅವುಗಳೊಳಗೆ ಓಡಾಡಿದವನು ಮಾತ್ರ ಒಬ್ಬನೇ. ಇಷ್ಟವಾದದ್ದನ್ನು ಆಡಿದರೆ ತಪ್ಪೇನು ಎಂದು ಗೆಳೆಯರು ಕೇಳುತ್ತಾರೆ. ತಪ್ಪೇನೂ ಇಲ್ಲ. ಆದರೆ ಸದಾ ಒಂದೇ ಬಗೆಯ ಪಾತ್ರವನ್ನು ಆಡುವವರು ಕಣ್ಣೆದುರಿಗೇ ಇರುವ ಎಷ್ಟೋ ಸಂಗತಿಗಳನ್ನು ಕಾಣದೆ ದಾಟಿಹೋಗುತ್ತಾರೆ ಎಂಬುದು ನನಗೆ ಸ್ವಂತ ಅನುಭವದಿಂದ ಮನದಟ್ಟಾಗಿದೆ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಪಾತ್ರಗಳನ್ನು ಹೀಗೆ ವರ್ಗಗಳಾಗಿ ವಿಂಗಡಿಸುವ ಪದ್ಧತಿ ಬಂದದ್ದು ಮೇಜಿನ ಸುತ್ತ ಕುಳಿತು ಆಡುವ ಆಟದಿಂದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟವಾದಾಗ ಅದರಲ್ಲಿ ಇದ್ದದ್ದು ಮೂರೇ ವರ್ಗಗಳು: ಹೋರಾಟಗಾರ, ಮಾಂತ್ರಿಕ, ಪುರೋಹಿತ. ಕಳ್ಳನ ವರ್ಗ 1975ರ ಪುರವಣಿಯಲ್ಲಿ ಸೇರಿಕೊಂಡಿತು. ಒಬ್ಬನ ಕೈಲಾಗುವ ಕೆಲಸ ಇನ್ನೊಬ್ಬನ ಕೈಲಾಗಬಾರದು ಎಂಬುದೇ ಆ ವಿಂಗಡಣೆಯ ಜೀವಾಳ. ನಾಲ್ಕಾರು ಜನ ಕೂಡಿ ಆಡುವಾಗ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ, ಹಾಗಾಗಿ ಪಕ್ಕದಲ್ಲಿ ಕುಳಿತ ಮಾಂತ್ರಿಕ ಏನು ಮಾಡುತ್ತಾನೆ ಎಂಬುದನ್ನು ಯೋಧನೂ ನೋಡುತ್ತಲೇ ಇರುತ್ತಾನೆ. ಕಂಪ್ಯೂಟರಿನ ಮುಂದೆ ಒಂಟಿಯಾಗಿ ಕುಳಿತಾಗ ಆ ಪಕ್ಕದವನು ಇರುವುದಿಲ್ಲ. ಮುಖ್ಯ ಪಾತ್ರಕ್ಕೆ ಏನು ಹೊಳೆಯುವುದಿಲ್ಲವೋ ಅದು ಆಟಗಾರನಿಗೂ ಹೊಳೆಯದೆ ಹೋಗುತ್ತದೆ.

ನಾನು ಮೊದಲ ಬಾರಿಗೆ ಯೋಧನನ್ನು ಬಿಟ್ಟದ್ದು 1998ರ ಬಾಲ್ಡರ್ಸ್ ಗೇಟ್ ಆಟವನ್ನು ಎಷ್ಟೋ ವರ್ಷಗಳ ನಂತರ ಮತ್ತೆ ಆಡಿದಾಗ. ಯೋಧನಾಗಿ ಒಮ್ಮೆ ಮುಗಿಸಿದ್ದ ಆಟ ಅದು, ದಾರಿಗಳೆಲ್ಲ ನೆನಪಿನಲ್ಲಿದ್ದವು. ಈ ಸಲ ಮಾಂತ್ರಿಕನನ್ನು ಆರಿಸಿಕೊಂಡೆ. ಆ ಕಾಲದ ನಿಯಮಗಳ ಪ್ರಕಾರ ಮೊದಲ ಲೆವೆಲ್‌ನ, ಅಂದರೆ ಆರಂಭದ ಹಂತದ, ಮಾಂತ್ರಿಕನಿಗೆ ಇರುವ ಜೀವಾಂಕ ನಾಲ್ಕು, ಮೈಕಟ್ಟು ಗಟ್ಟಿಯಾಗಿದ್ದರೆ ಆರು; ಏಟು ಬಿದ್ದಂತೆ ಅದು ಇಳಿಯುತ್ತದೆ, ಮುಗಿದರೆ ಸಾವು. ಕೈಯಲ್ಲಿ ಒಂದೇ ಒಂದು ಮಂತ್ರ, ಅದನ್ನು ಪ್ರಯೋಗಿಸಿದರೆ ವಿಶ್ರಾಂತಿ ಪಡೆಯುವವರೆಗೆ ಮತ್ತೊಂದಿಲ್ಲ. ಕಥೆಯ ಆರಂಭದಲ್ಲಿಯೇ ಫ್ರೆಂಡ್ಲಿ ಆರ್ಮ್ ಇನ್ ಎಂಬ ಛತ್ರ ಬರುತ್ತದೆ, ಅದರ ಮೆಟ್ಟಿಲ ಮೇಲೆ ಟಾರ್ನೆಶ್ ಎಂಬ ಕೊಲೆಗಡುಕ ಮಾಂತ್ರಿಕ ನಮಗಾಗಿ ಕಾದಿರುತ್ತಾನೆ. ಯೋಧನಾಗಿದ್ದಾಗ ಅವನ ಹೆಸರೂ ನನ್ನ ನೆನಪಿನಲ್ಲಿ ಉಳಿದಿರಲಿಲ್ಲ, ಏಕೆಂದರೆ ನುಗ್ಗಿ ಹೊಡೆದು ಮುಂದೆ ಹೋಗಿದ್ದೆ. ಮಾಂತ್ರಿಕನಾಗಿ ಅದೇ ಮೆಟ್ಟಿಲ ಮೇಲೆ ನಾಲ್ಕು ಸಲ ಸತ್ತೆ.

ಐದನೆಯ ಸಲ ಸೇವ್, ಅಂದರೆ ಉಳಿಸಿಟ್ಟಿದ್ದ ಆಟವನ್ನು, ತೆರೆದಾಗ ತಕ್ಷಣ ಮೆಟ್ಟಿಲಿನತ್ತ ಹೋಗಲಿಲ್ಲ. ಮೊದಲು ಅಂಗಳದಲ್ಲಿ ನಿಂತು ಯೋಚಿಸಿದೆ. ಟಾರ್ನೆಶ್ ಮೊದಲು ತನ್ನದೇ ಪ್ರತಿಬಿಂಬಗಳನ್ನು ಸೃಷ್ಟಿಸಿಕೊಂಡು ಹೊಡೆತಗಳನ್ನು ಅವುಗಳ ಮೇಲೆ ಬೀಳಿಸುತ್ತಾನೆ, ಆಮೇಲೆ ಭಯ ಹುಟ್ಟಿಸುವ ಮಂತ್ರ ಹಾಕಿ ನಮ್ಮವರನ್ನು ದಿಕ್ಕಾಪಾಲಾಗಿ ಓಡಿಸುತ್ತಾನೆ. ಆದರೆ ಈ ಆಟದಲ್ಲಿ ಮಂತ್ರ ಹೇಳುತ್ತಿರುವವನಿಗೆ ಏಟು ಬಿದ್ದರೆ ಆ ಮಂತ್ರ ಮುರಿದುಹೋಗುತ್ತದೆ. ಈ ನಿಯಮ ನನಗೆ ಕೈಪಿಡಿಯಿಂದ ಗೊತ್ತಿತ್ತು, ಅದರ ಬೆಲೆ ಮಾತ್ರ ಗೊತ್ತಿರಲಿಲ್ಲ. ಸಂಗಡಿಗರನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಕಡೆ ನಿಲ್ಲಿಸಿದೆ. ಯಾರು ಮೊದಲು ಹೊಡೆದು ಪ್ರತಿಬಿಂಬಗಳನ್ನು ಕರಗಿಸಬೇಕು, ಯಾರು ಅವನು ಬಾಯಿ ತೆರೆಯುವವರೆಗೆ ಬಿಲ್ಲೆಳೆದು ಕಾಯಬೇಕು ಎಂದು ಆಟವನ್ನು ನಿಲ್ಲಿಸಿ ನಿಲ್ಲಿಸಿ ಹಂಚಿದೆ. ಮೂವತ್ತು ಸೆಕೆಂಡೂ ಹಿಡಿಯದ ಆ ಕಾಳಗದಲ್ಲಿ ಟಾರ್ನೆಶ್ ಭಯದ ಮಂತ್ರವನ್ನು ಎತ್ತಿಕೊಂಡ ಕ್ಷಣದಲ್ಲೇ ಬಾಣವೊಂದು ಅವನಿಗೆ ತಾಗಿತು, ಮಂತ್ರ ಅರ್ಧಕ್ಕೆ ನಿಂತಿತು. ಇಡೀ ಆಟವನ್ನು ಯೋಧನಾಗಿ ಮುಗಿಸಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ದುರ್ಬಲನಾದವನಿಗೆ ಎಡವಲು ಅವಕಾಶವಿಲ್ಲ, ಹಾಗಾಗಿ ಅವನು ಸುತ್ತಲಿನದೆಲ್ಲವನ್ನೂ ನೋಡಲೇಬೇಕಾಗುತ್ತದೆ. ಆ ಅಂಗಳ ಎಷ್ಟು ಅಗಲವಿದೆ, ಮೆಟ್ಟಿಲು ಯಾವ ದಿಕ್ಕಿಗಿದೆ ಎಂಬುದನ್ನು ನಾನು ಗಮನಿಸಿದ್ದೇ ಆಗ.

ಹೊಸ ವರ್ಗವನ್ನು ಹಿಡಿದ ಹಲವರು ಎರಡು ಮೂರು ಗಂಟೆಗಳಲ್ಲೇ ಅದನ್ನು ಕೈಬಿಟ್ಟು ಹಳೆಯದಕ್ಕೆ ಮರಳುತ್ತಾರೆ. ಮೊದಲ ಕೆಲವು ಗಂಟೆಗಳು ಕಷ್ಟದವು ಎಂಬುದು ನಿಜ. 2002ರ ಮಾರೋವಿಂಡ್‌ನಲ್ಲಿ ಕೌಶಲ ಕಡಿಮೆಯಿದ್ದರೆ ಕತ್ತಿ ಶತ್ರುವಿನ ಮೈಮೇಲೆಯೇ ಹಾಯ್ದದ್ದು ಕಣ್ಣಿಗೆ ಕಂಡರೂ ಏಟು ಬೀಳುವುದಿಲ್ಲ, ಏಕೆಂದರೆ ಒಳಗೆ ದಾಳದ ಲೆಕ್ಕ ನಡೆಯುತ್ತಿರುತ್ತದೆ. 2000ದ ಡಯಾಬ್ಲೊ 2ರಲ್ಲಿ ಒಮ್ಮೆ ಹಾಕಿದ ಕೌಶಲದ ಅಂಕವನ್ನು ಹಿಂಪಡೆಯುವ ದಾರಿಯೇ ಇರಲಿಲ್ಲ, 2010ರಲ್ಲಿ ಆಟಕ್ಕೆ ತಿದ್ದುಪಡಿ (ಪ್ಯಾಚ್) ಬರುವವರೆಗೆ ತಪ್ಪು ಮಾಡಿದವರು ಪಾತ್ರವನ್ನೇ ಬಿಟ್ಟು ಮೊದಲಿನಿಂದ ಆರಂಭಿಸಬೇಕಿತ್ತು. ಇಂದಿನ ಆಟಗಳು ಅಷ್ಟು ನಿಷ್ಠುರವಲ್ಲ. ಬಾಲ್ಡರ್ಸ್ ಗೇಟ್ 3ರಲ್ಲಿ ಶಿಬಿರದಲ್ಲಿರುವ ವಿದರ್ಸ್ ಎಂಬ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟರೆ ಯಾವಾಗ ಬೇಕಾದರೂ ವರ್ಗವನ್ನೇ ಬದಲಾಯಿಸಿಕೊಳ್ಳಬಹುದು. ಈ ಸೌಲಭ್ಯ ಒಳ್ಳೆಯದೇ. ಆದರೆ ಮೊದಲ ಸೋಲಿಗೇ ಅದನ್ನು ಬಳಸುವವರಿಗೆ ಹೊಸ ಪಾತ್ರ ಒಗ್ಗುವುದಿಲ್ಲ. ಕೈ ಪಳಗಲು ಹತ್ತು ಗಂಟೆಯಾದರೂ ಬೇಕು, ಅಷ್ಟನ್ನು ಕೊಡದೆ ಮಾಂತ್ರಿಕ ನನಗೆ ಹಿಡಿಸುವುದಿಲ್ಲ ಎಂದು ತೀರ್ಪು ಹೇಳಬಾರದು.

ವರ್ಗಗಳ ಕಟ್ಟುಪಾಡೇ ಇಲ್ಲದಿದ್ದರೆ ಎಲ್ಲರೂ ಹೊಸದನ್ನು ಪ್ರಯತ್ನಿಸುತ್ತಾರೆ ಎಂದು ಒಂದು ಕಾಲದಲ್ಲಿ ನಾನೂ ನಂಬಿದ್ದೆ. 2011ರಲ್ಲಿ ಬಂದ ಸ್ಕೈರಿಮ್ ಆ ನಂಬಿಕೆಯನ್ನು ಅಲುಗಾಡಿಸಿತು. ಅಲ್ಲಿ ವರ್ಗಗಳಿಲ್ಲ, 18 ಕೌಶಲಗಳಿವೆ, ಯಾವುದನ್ನು ಬಳಸುತ್ತೇವೋ ಅದು ಬೆಳೆಯುತ್ತದೆ. ಬಳಸಿದ್ದು ಬೆಳೆದರೆ ಬೆಳೆದದ್ದನ್ನೇ ಮತ್ತೆ ಬಳಸುತ್ತೇವೆ. ಮರೆಯಲ್ಲಿ ಕುಳಿತು ಬಿಟ್ಟ ಬಾಣಕ್ಕೆ ದುಪ್ಪಟ್ಟು ಪೆಟ್ಟು, ಕೌಶಲ ಹೆಚ್ಚಿದ ಮೇಲೆ ಮೂರುಪಟ್ಟು. ಹೀಗಾಗಿ ಮಾಂತ್ರಿಕನಾಗಿ ಹೊರಟವರೂ ಭಾರವಾದ ಕೊಡಲಿ ಎತ್ತಿಕೊಂಡು ಹೊರಟವರೂ ಕೊನೆಗೆ ಕತ್ತಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಬಿಲ್ಲುಗಾರರಾಗಿಬಿಡುತ್ತಾರೆ, ಇದು ಆ ಆಟವನ್ನು ಆಡಿದವರೆಲ್ಲರಿಗೂ ಗೊತ್ತಿರುವ ಸಂಗತಿ. ಕಟ್ಟುಪಾಡು ಇಲ್ಲದ ಕಡೆ ಅಭ್ಯಾಸವೇ ಗೆಲ್ಲುತ್ತದೆ. ಅದಕ್ಕಾಗಿ ನಾನು ಈಗ ಸ್ಕೈರಿಮ್ ಆಡಿದರೆ ಬಿಲ್ಲನ್ನು ಮುಟ್ಟುವುದಿಲ್ಲ ಎಂಬ ನಿಯಮವನ್ನು ನಾನೇ ಹಾಕಿಕೊಳ್ಳುತ್ತೇನೆ.

ಇಷ್ಟೆಲ್ಲ ತಿಳಿದಿದ್ದರೂ 2023ರ ಆಗಸ್ಟ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಬಂದಾಗ ಹನ್ನೆರಡು ವರ್ಗಗಳ ನಡುವೆ ಮತ್ತೆ ಯೋಧನನ್ನೇ ಆರಿಸಿದೆ. ಅದರ ಮೊದಲ ಭಾಗದಲ್ಲಿ ದಾರಿಯ ಬದಿಗೆ ಒಂದು ಹೆಣ ಬಿದ್ದಿರುತ್ತದೆ, ಪಕ್ಕದಲ್ಲಿ ಸ್ಕ್ರ್ಯಾಚ್ ಎಂಬ ಬಿಳಿಯ ನಾಯಿ ನಿಂತಿರುತ್ತದೆ. ನನ್ನ ಯೋಧ ಹತ್ತಿರ ಹೋದಾಗ ಅದು ಹಲ್ಲು ಕಿರಿದು ಗುರುಗುಟ್ಟಿತು. ಯಾರದೋ ಹೆಣ, ಯಾರದೋ ನಾಯಿ ಎಂದುಕೊಂಡು ಮುಂದೆ ನಡೆದೆ. ಎಪ್ಪತ್ತು ಗಂಟೆಗಳ ಆ ಆಟದಲ್ಲಿ ನಾನು ಅದನ್ನು ಮತ್ತೊಮ್ಮೆ ನೆನೆಸಿಕೊಳ್ಳಲಿಲ್ಲ.

ಎರಡನೆಯ ಸಲ ಬಾರ್ಡ್, ಅಂದರೆ ಹಾಡುಗಾರನಾಗಿ ಆಡಿದೆ. ಹಾಡು, ಮಾತು, ಮೂದಲಿಕೆ ಇವೇ ಬಾರ್ಡ್‌ನ ಆಯುಧಗಳು, ಅವನ ಬೈಗುಳದ ಮಂತ್ರ ತಾಗಿದವನ ಮುಂದಿನ ಏಟು ಗುರಿ ತಪ್ಪುವ ಸಾಧ್ಯತೆ ಹೆಚ್ಚು. ಮೊದಲ ಲೆವೆಲ್‌ನಲ್ಲಿ ಆರಿಸಿಕೊಳ್ಳಬಹುದಾದ ಮಂತ್ರಗಳಲ್ಲಿ ಪ್ರಾಣಿಗಳೊಡನೆ ಮಾತನಾಡುವುದೂ ಒಂದು. ಕಾಳಗದ ಹೊರಗೆ ಹಾಕಿದರೆ ಅದಕ್ಕೆ ಖರ್ಚಿಲ್ಲ, ಮುಂದಿನ ದೀರ್ಘ ವಿಶ್ರಾಂತಿಯವರೆಗೂ ಅದು ಇರುತ್ತದೆ, ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಹಾಕಿಕೊಂಡು ಹೊರಡುವುದು ನನ್ನ ರೂಢಿಯಾಯಿತು. ಅದೇ ದಾರಿ ಬಂತು, ಅದೇ ಹೆಣ, ಅದೇ ನಾಯಿ. ಈ ಸಲ ಅದು ಮಾತನಾಡಿತು. ಅದು ತನ್ನ ಒಡೆಯನನ್ನು ಕಾಯುತ್ತಿತ್ತು. ಸಾವು ಎಂದರೆ ಏನೆಂದು ಆ ನಾಯಿಗೆ ಹೇಗೆ ಹೇಳುವುದು, ಹೇಳಬೇಕೇ ಬೇಡವೇ ಎಂದು ನಾನು ಕುರ್ಚಿಯಲ್ಲಿ ಸುಮ್ಮನೆ ಕುಳಿತುಬಿಟ್ಟೆ. ಕೊನೆಗೆ ಅದಕ್ಕೆ ನನ್ನ ಗುರುತಿನ ವಾಸನೆ ತೋರಿಸಿ, ಮನಸ್ಸಾದಾಗ ಶಿಬಿರಕ್ಕೆ ಬಾ ಎಂದು ಹೇಳಿ ಬಂದೆ. ಕೆಲವು ದಿನಗಳಾದ ಮೇಲೆ ಅದು ಬಂತು. ಆಮೇಲೆ ಇಲಿ, ಹಕ್ಕಿ, ದನ ಯಾವುದನ್ನೂ ಮಾತನಾಡಿಸದೆ ಬಿಡಲಿಲ್ಲ. ಎಮರಾಲ್ಡ್ ಗ್ರೋವ್ ಎಂಬ ತೋಪಿನಲ್ಲಿ ಒಂದು ಎತ್ತಿದೆ, ಅದು ಎತ್ತಿನಂತೆ ಮಾತನಾಡುವುದಿಲ್ಲ. ಅದರ ಗುಟ್ಟನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ, ಆದರೆ ನನ್ನ ಯೋಧ ಅದರ ಪಕ್ಕದಲ್ಲೇ ಹಲವು ಸಲ ಹಾದುಹೋಗಿದ್ದ.

ನನ್ನನ್ನು ಬಹಳ ದಿನ ಕಾಡಿದ ವಿಷಯ ಇನ್ನೊಂದು. ಈ ಆಟದಲ್ಲಿ ಪ್ರಾಣಿಗಳೊಡನೆ ಮಾತನಾಡಲು ಶಕ್ತಿ ಕೊಡುವ ಮದ್ದೂ ಇದೆ, ಅದನ್ನು ಯಾವ ವರ್ಗದವರು ಬೇಕಾದರೂ ಕುಡಿಯಬಹುದು. ಹಳೆಯ ಸೇವ್ ತೆರೆದು ನೋಡಿದಾಗ ನನ್ನ ಯೋಧನ ಚೀಲದಲ್ಲಿ ಅಂತಹ ಮೂರು ಸೀಸೆಗಳಿದ್ದವು. ಅಂದರೆ ಆಟ ನನಗೆ ಬಾಗಿಲು ಮುಚ್ಚಿರಲಿಲ್ಲ. ಗುರಾಣಿ ಹಿಡಿದ ಕೈಗೆ ಸೀಸೆಯ ನೆನಪು ಬರಲಿಲ್ಲ, ಅಷ್ಟೇ. ಪಾತ್ರದ ವರ್ಗ ಎಂಬುದು ಶಕ್ತಿಗಳ ಪಟ್ಟಿಗಿಂತ ಹೆಚ್ಚಾಗಿ ಗಮನದ ಒಂದು ಅಭ್ಯಾಸ ಎಂದು ನನಗೆ ಅರ್ಥವಾದದ್ದು ಆ ಮೂರು ಸೀಸೆಗಳಿಂದ. ವೇಷ ಮನಸ್ಸನ್ನು ತಿದ್ದುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ: ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದ ಅವತಾರ ಸಿಕ್ಕವರು ಕುಳ್ಳಗಿನ ಅವತಾರ ಸಿಕ್ಕವರಿಗಿಂತ ಹಣದ ಚೌಕಾಸಿಯಲ್ಲಿ ಹೆಚ್ಚು ಪಟ್ಟು ಹಿಡಿದರು. ಪರದೆಯ ಮೇಲಿನ ದೇಹ ನಮ್ಮೊಳಗೂ ಸ್ವಲ್ಪ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಆಟ ಕಟ್ಟುವವರ ಮೇಲೂ ಒಂದು ಹೊಣೆ ಇದೆ ಎನ್ನಲೇಬೇಕು. ವರ್ಗ ಬದಲಾಯಿಸಿದರೆ ಏಟಿನ ಬಣ್ಣ ಮಾತ್ರ ಬದಲಾಗುವ ಆಟಗಳು ಬಹಳಷ್ಟಿವೆ. ಯೋಧ ಹೊಡೆದರೂ ಶತ್ರುವಿನ ಜೀವ ತೋರಿಸುವ ಕೆಂಪು ಪಟ್ಟಿ ಇಳಿಯುತ್ತದೆ, ಮಾಂತ್ರಿಕ ಸುಟ್ಟರೂ ಅದೇ ಪಟ್ಟಿ ಇಳಿಯುತ್ತದೆ, ಎದುರಿಗೆ ಬಂದವರು ಇಬ್ಬರಿಗೂ ಅದೇ ಮಾತು ಹೇಳುತ್ತಾರೆ. ಅಂತಹ ಆಟವನ್ನು ಎರಡನೆಯ ಬಾರಿ ಆಡಿ ಎಂದು ನಾನು ಯಾರಿಗೂ ಹೇಳಲಾರೆ. 1985ರಷ್ಟು ಹಿಂದೆಯೇ ಅಲ್ಟಿಮಾ 4 ಇದಕ್ಕಿಂತ ಎಷ್ಟೋ ಮುಂದೆ ಹೋಗಿತ್ತು. ಅಲ್ಲಿ ವರ್ಗದ ಪಟ್ಟಿಯಿಂದ ಆರಿಸುವಂತಿಲ್ಲ, ಎರಡು ಸದ್ಗುಣಗಳ ನಡುವೆ ಒಂದನ್ನು ಆರಿಸುವ ಧರ್ಮಸಂಕಟದ ಪ್ರಶ್ನೆಗಳಿಗೆ ಉತ್ತರಿಸಬೇಕು, ಆ ಉತ್ತರಗಳಿಂದ ಎಂಟು ವರ್ಗಗಳಲ್ಲಿ ಒಂದು ನಿಗದಿಯಾಗುತ್ತದೆ. ವಿನಯವನ್ನು ಎಲ್ಲಕ್ಕಿಂತ ಮೇಲಿಟ್ಟವರು ಕುರುಬರಾಗುತ್ತಾರೆ. ಎಂಟರಲ್ಲಿ ತೀರ ಬಡಪಾಯಿ ವರ್ಗ ಅದು, ಅಹಂಕಾರದಿಂದ ಹಾಳುಬಿದ್ದ ಪಟ್ಟಣದ ಬಳಿ ಆ ಪಾತ್ರದ ಪಯಣ ಆರಂಭವಾಗುತ್ತದೆ. 2017ರ ಡಿವಿನಿಟಿ: ಒರಿಜಿನಲ್ ಸಿನ್ 2ರಲ್ಲಿ ಸತ್ತು ಎದ್ದವನ ಪಾತ್ರವನ್ನು ಆರಿಸಿಕೊಂಡರೆ ವಿಷವೇ ಔಷಧಿಯಾಗುತ್ತದೆ, ಗುಣಪಡಿಸುವ ಮಂತ್ರ ಮೈಯನ್ನು ಸುಡುತ್ತದೆ, ಊರೊಳಗೆ ಮುಖ ಮುಚ್ಚಿಕೊಂಡೇ ಓಡಾಡಬೇಕಾಗುತ್ತದೆ. ಪಾತ್ರ ಬದಲಾದಾಗ ಲೋಕವೂ ಹೀಗೆ ತಿರುಗಿ ನಿಲ್ಲಬೇಕು.

ಎಲ್ಲಕ್ಕಿಂತ ಬಲಶಾಲಿಯಾದ ಬಿಲ್ಡ್ (ಪಾತ್ರದ ಕೌಶಲ, ಆಯುಧಗಳ ಜೋಡಣೆ) ಯಾವುದು ಎಂದು ಆಟ ಕೊಳ್ಳುವ ಮೊದಲೇ ಹುಡುಕುವ ರೂಢಿಯ ಬಗ್ಗೆ ನನಗೆ ನಿಜವಾದ ಬೇಸರವಿದೆ. ಯಾವ ಲೆವೆಲ್‌ನಲ್ಲಿ ಯಾವ ಕೌಶಲ, ಯಾವ ಗುಹೆಯಲ್ಲಿ ಯಾವ ಕತ್ತಿ ಎಂದು ಯಾರೋ ಬರೆದಿಟ್ಟ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಆಡಿದರೆ ಆ ಪಾತ್ರ ಬರೆದವರದಾಗುತ್ತದೆ. ದಿನಕ್ಕೆ ಒಂದು ಗಂಟೆ ಸಿಗುವುದೇ ಕಷ್ಟ, ಅದನ್ನೂ ಸೋಲಿನಲ್ಲಿ ಕಳೆಯಬೇಕೇ ಎಂದು ದುಡಿಯುವ ಗೆಳೆಯನೊಬ್ಬ ಕೇಳಿದ. ಅವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ನನಗೂ ಸಿಗುವುದು ಅಷ್ಟೇ ಸಮಯ. ಅಂಥವರು ಕಷ್ಟದ ಮಟ್ಟವನ್ನು ಇಳಿಸಿಕೊಂಡು ಆಡಲಿ, ಅದರಲ್ಲಿ ಯಾವ ಕೀಳರಿಮೆಯೂ ಬೇಡ. ಕಾಳಗ ಸುಲಭವಾದರೂ ನಾಯಿಯ ಮಾತು ಅದೇ ಇರುತ್ತದೆ.

ಈಗ ಬಾಲ್ಡರ್ಸ್ ಗೇಟ್ 3 ಅನ್ನು ಮೂರನೆಯ ಸಲ ಆಡುತ್ತಿದ್ದೇನೆ, ಈ ಬಾರಿ ಕ್ಲೆರಿಕ್, ಅಂದರೆ ಪುರೋಹಿತ. ಇತರರನ್ನು ಗುಣಪಡಿಸುತ್ತಾ ಹಿಂದೆ ನಿಲ್ಲುವ ಪಾತ್ರವನ್ನು ನಾನು ಇಷ್ಟು ವರ್ಷ ಬೇಕೆಂದೇ ದೂರವಿಟ್ಟಿದ್ದೆ, ಹಾಗಾಗಿ ಅದನ್ನೇ ಆರಿಸಿಕೊಂಡೆ. ನಿನ್ನೆ ರಾತ್ರಿಯ ಕಾಳಗದಲ್ಲಿ ಒಂದು ಏಟನ್ನೂ ಹೊಡೆಯಲಿಲ್ಲ, ಕೆಳಗೆ ಬಿದ್ದ ಇಬ್ಬರನ್ನು ಎಬ್ಬಿಸಿದೆ, ಮೂರನೆಯವಳನ್ನು ತಲುಪುವಷ್ಟರಲ್ಲಿ ಸರದಿ ಮುಗಿದಿತ್ತು. ನಾಲ್ಕು ಗಂಟೆ ಕಳೆದಿವೆ, ಇನ್ನೂ ಆರು ಗಂಟೆ ಇದರಲ್ಲಿಯೇ ಇರುತ್ತೇನೆ. ವಿದರ್ಸ್‌ನ ಕಡೆಗೆ ಇನ್ನೂ ಹೋಗಿಲ್ಲ. ಸ್ಕ್ರ್ಯಾಚ್ ಇರುವ ದಾರಿ ನಾಳೆ ಬರುತ್ತದೆ, ನನ್ನ ಕ್ಲೆರಿಕ್‌ಗೆ ಪ್ರಾಣಿಗಳ ಮಾತಿನ ಮಂತ್ರವಿಲ್ಲ, ಆದ್ದರಿಂದ ಮದ್ದಿನ ಒಂದು ಸೀಸೆಯನ್ನು ಈಗಲೇ ತೆಗೆದು ಕೈಗೆಟಕುವ ಕಡೆ ಇಟ್ಟಿದ್ದೇನೆ.